ಕರಿಮೂತಿಗೆ ಬಂದ ಅಭಯದ ಓಲೆ

ಗುಮ್ಮನಕೋಟೆಯ ಬೊಮ್ಮರಸ ನಾಯಕ ಹುಲಿಗೂ ಹೆದರಿದವನಲ್ಲ. ಆದರೆ ಹೊಸ ನಾಯಿಮರಿ ಕರಿಮೂತಿ ಮೂರು ಸಲ ಸೀನಿದ್ದೇ ತಡ, ಅವನು ಅದನ್ನು ಎದೆಗವಚಿಕೊಂಡು ಕೋಟೆಯೆಲ್ಲ ಓಡಾಡಿದ.

ಸುದ್ದಿ ಕೇಳಿ ತುಪ್ಪದ ವ್ಯಾಪಾರಿ ಪುಟ್ಟಲಿಂಗ ಶೆಟ್ಟಿ ಒಂದು ಓಲೆ ಹಿಡಿದು ಓಡಿ ಬಂದ.

"ಇದು ಅಭಯದ ಓಲೆ, ಬುದ್ಧಿ. ಇದನ್ನು ಪಡೆದ ಮರಿ ಕಾಯಿಲೆ ಬಿದ್ದರೆ ವೈದ್ಯನನ್ನು ಕರೆಸೋದು, ಮದ್ದು ಕೊಡಿಸೋದು ಎಲ್ಲ ನನ್ನ ಪಾಲು. ಇಂಥ ಎದೆಗಾರಿಕೆ ಇನ್ಯಾರಿಗಿದೆ?"

ಪ್ರತಿಯಾಗಿ, ಮರಿ ತಿಂಗಳಿಗೆ ತಿನ್ನುವ ತುಪ್ಪದ ಹತ್ತು ಪಟ್ಟು ಅವನಿಗೆ ಸಲ್ಲಬೇಕು. ಕರಿಮೂತಿ ತುಪ್ಪವಿಲ್ಲದೆ ಅನ್ನ ಮೂಸುವುದಿಲ್ಲ ಎಂಬುದನ್ನು ಪುಣ್ಯಾತ್ಮ ಅಡುಗೆಯವರಿಂದ ಮೊದಲೇ ತಿಳಿದುಕೊಂಡಿದ್ದ.

ನಾಯಕ ಹಿಂದೆಮುಂದೆ ನೋಡದೆ ಒಪ್ಪಿ ವೀಳ್ಯ ತೆಗೆದುಕೊಂಡುಬಿಟ್ಟ. ಆ ಕೋಟೆಯಲ್ಲಿ ವೀಳ್ಯ ಹಿಡಿದ ಮೇಲೆ ಮುಗಿಯಿತು. ಮಾತು ತಪ್ಪಿದ ನಾಯಕ ಗದ್ದುಗೆ ಬಿಟ್ಟಿಳಿಯಬೇಕು.

ಆಮೇಲೆ ಆಸ್ಥಾನದ ಜಾಣ ಹಾಲಪ್ಪನನ್ನು ಕರೆಸಿ ಓಲೆ ಓದಿಸಿದ. ಓದುತ್ತ ಓದುತ್ತ ಹಾಲಪ್ಪನ ಹುಬ್ಬು ಮೇಲೇರಿತು. ಅಭಯ ಬೇಕಿದ್ದರೆ ಮರಿ ಓಡಬಾರದು, ಕಚ್ಚಬಾರದು, ಬೊಗಳಿ ಗಂಟಲು ಕೆಡಿಸಿಕೊಳ್ಳಬಾರದು, ಬೇರೆ ನಾಯಿಯ ಬಾಲ ಮೂಸಬಾರದು. ಅದರ ತಾತನಿಗೆ ಬಂದದ್ದು ಇದಕ್ಕೂ ಬಂದರೆ ಶೆಟ್ಟಿ ಹೊಣೆಯಲ್ಲ.

"ಇದರ ತಾತನಿಗೆ ಸಾವು ಬಂದಿತ್ತಲ್ಲ, ಬುದ್ಧಿ. ಹಾಗಾದರೆ ಅದಕ್ಕೂ ಶೆಟ್ಟರು ಹೊಣೆಯಲ್ಲ" ಎಂದ.

ಅಷ್ಟರಲ್ಲಿ ಆಳುಗಳು ಷರತ್ತಿನ ಪ್ರಕಾರ ಕರಿಮೂತಿಯನ್ನು ತೊಟ್ಟಿಲಿಗೆ ಕಟ್ಟಿ, ಬೊಗಳದಂತೆ ಮೂತಿಗೆ ರೇಷ್ಮೆ ಸುತ್ತಿದ್ದರು. ಅದು ಕುಂಯ್‌ಗುಟ್ಟಿದ್ದು ಕೇಳಿ ನಾಯಕನ ಕಣ್ಣು ತುಂಬಿತು.

"ನನ್ನ ಮಾತೂ ಉಳಿಯಬೇಕು, ಮರಿಯೂ ಓಡಾಡಬೇಕು. ಏನಾದರೂ ಮಾಡಪ್ಪ."

ಹಾಲಪ್ಪ ಮರಿಯ ತಲೆ ಸವರಿದ. ಓಲೆಯ ಮೊದಲ ಸಾಲನ್ನು ಮತ್ತೆ ಓದಿದ: 'ಈ ಷರತ್ತುಗಳಿಗೆಲ್ಲ ಒಪ್ಪುವ ಅರಮನೆಯ ನಾಯಿಮರಿಯೊಂದಕ್ಕೆ.' ಕರಿಮೂತಿಯ ಹೆಸರು ಎಲ್ಲಿಯೂ ಇರಲಿಲ್ಲ. ಅವನು ನೇರ ಬಡಗಿಯ ಮನೆಗೆ ಹೋದ.

ಮರುದಿನ ಶೆಟ್ಟಿ ತನ್ನ ಪಾಲಿನ ತುಪ್ಪ ಒಯ್ಯಲು ಎರಡು ಖಾಲಿ ಕೊಪ್ಪರಿಗೆ ಹೊರಿಸಿಕೊಂಡು ಸಭೆಗೆ ಬಂದ. ಹಾಲಪ್ಪ ಬಟ್ಟೆ ಸರಿಸಿ, ಹಲಸಿನ ಕಟ್ಟಿಗೆಯಲ್ಲಿ ಕೆತ್ತಿಸಿದ ನಾಯಿಮರಿಯೊಂದನ್ನು ಮುಂದಿಟ್ಟ. ಇದು ಓಡುವುದಿಲ್ಲ, ಕಚ್ಚುವುದಿಲ್ಲ, ಬೊಗಳುವುದಿಲ್ಲ ಎಂದು ಷರತ್ತುಗಳನ್ನು ಒಂದೊಂದಾಗಿ ಓದಿ ತೋರಿಸಿದ. ಅರಮನೆಯ ವೈದ್ಯರು ಅದರ ನಾಡಿ ಹಿಡಿದು ನೋಡಿ, ನೆಗಡಿಯ ಸುಳಿವೂ ಇಲ್ಲ ಎಂದರು.

ಶೆಟ್ಟಿಯ ಮುಖ ಹುಳ್ಳಗಾಯಿತು. "ಇದು ತುಪ್ಪವನ್ನೇ ತಿನ್ನೋದಿಲ್ಲವಲ್ಲ, ಸ್ವಾಮಿ."

"ತಿಂದದ್ದರ ಹತ್ತು ಪಟ್ಟು ತಾನೇ? ತಿಂದ ದಿನ ಹೇಳಿ ಕಳಿಸ್ತೇವೆ, ಶೆಟ್ಟರೇ" ಎಂದ ಹಾಲಪ್ಪ. "ಆದರೆ ಕಟ್ಟಿಗೆಯ ಮರಿ ತುಪ್ಪ ತಿಂತು ಅಂದರೆ ಅದಕ್ಕಿಂತ ದೊಡ್ಡ ಕಾಯಿಲೆ ಉಂಟೇ? ಬರುವಾಗ ವೈದ್ಯನನ್ನೂ ಕರಕೊಂಡು ಬನ್ನಿ."

ನಾಯಕ ಗದ್ದುಗೆಯಿಂದ ಜಾರುವಷ್ಟು ನಕ್ಕು, ತನ್ನ ಹೆಗಲ ಶಾಲನ್ನು ಹಾಲಪ್ಪನಿಗೆ ಹೊದಿಸಿದ. ಕಟ್ಟು ಬಿಚ್ಚಿಸಿಕೊಂಡ ಕರಿಮೂತಿ ಸಭೆಯ ತುಂಬ ಓಡಿ, ಬೊಗಳಿ, ಕಟ್ಟಿಗೆಯ ಮರಿಯ ಬಾಲ ಮೂಸಿ, ಕೊನೆಗೆ ಶೆಟ್ಟಿಯ ಪಂಚೆಗೆ ಬಾಯಿ ಹಾಕಿತು. ಪಂಚೆಗೆ ಯಾರ ಅಭಯವೂ ಇರಲಿಲ್ಲ.