ನಾಲ್ಕು ಬೋರ್ಡಿನ ಬದನೆಕಾಯಿ

ನಾಟಿ ತರಕಾರಿ ಉಳಿಸಲೆಂದೇ ಮಾಡಿದ ಸರ್ಕಾರಿ ತೋಟ. ಅಲ್ಲಿದ್ದ ನಾಲ್ಕು ತಳಿಯ ಬದನೆಯೂ ನೀರು ಕಾಣದೆ ಒಣಗಿ ಆರು ವರ್ಷವಾಗಿತ್ತು. ಬೆಳಗಾದರೆ ತಪಾಸಣೆ.

“ನರ್ಸರಿಯಿಂದ ಕಾಯಿ ಬಿಟ್ಟ ಗಿಡ ತಂದು ನೆಡು. ಹಳೇ ಹೆಸರಿನ ಬೋರ್ಡು ಚುಚ್ಚು. ಬಾಯಿ ಬಿಟ್ಟರೆ ಕೆಲಸ ಹೋಯ್ತು,” ಎಂದರು ತೋಟದ ನಿರ್ದೇಶಕರು, ಮಾಲಿಗೆ.

ಹೇಳಿದಂತೆ ನೆಟ್ಟ ಮಾಲಿ ಬಾಯಿ ಬಿಡಲಿಲ್ಲ. ಬೆಳಿಗ್ಗೆ ನಾಲ್ಕು ಬೋರ್ಡಿನ ಕಾಯಿಯನ್ನೂ ಬೇರೆ ಬೇರೆಯಾಗಿ, ಬರೀ ಉಪ್ಪು ಹಾಕಿ ಬೇಯಿಸಿದ. ಒಂದೊಂದರ ಹೆಸರು ಹೇಳಿ ತಪಾಸಣೆಯ ಅಧಿಕಾರಿಗೆ ಬಡಿಸಿದ.

“ಇದೇನಯ್ಯ, ನಾಲ್ಕಕ್ಕೂ ಒಂದೇ ರುಚಿ?”

ಮಾಲಿ ನಿರ್ದೇಶಕರ ಕಡೆ ತಿರುಗಿದ. “ಬಾಯಿ ಬಿಡಲಾ ಸಾರ್?”

ಅಧಿಕಾರಿ ಇಬ್ಬರನ್ನೂ ನೋಡಿ ತಟ್ಟೆ ಪಕ್ಕಕ್ಕಿಟ್ಟರು.

“ನಿಜವಾದದ್ದು ಒಂದೂ ಉಳಿದಿಲ್ಲವೇ?” ಎಂದರು ಅಧಿಕಾರಿ.

ಮಾಲಿ ತನ್ನ ಒಲೆಯ ಮೇಲೆ ಹುಳ ಹಿಡಿಯದಂತೆ ಹೊಗೆಗೆ ಕಟ್ಟಿದ್ದ ಹಳೇ ತಳಿಯ ಬೀಜದ ಕಾಯಿಯೊಂದನ್ನು ಬಿಚ್ಚಿ ತಂದ.

“ಇದೊಂದಿದೆ ಸಾರ್. ಬಿತ್ತೋಕೆ ನೀರು ಕೇಳ್ತಾನೇ ಆರು ವರ್ಷ ಆಯ್ತು. ಇನ್ನು ಹುಟ್ಟುತ್ತೋ ಇಲ್ವೋ.”