ಬಾಗಿಲು ಮರೆತ ಗೂಡು

ಮಕ್ಕಳೇ, ನಡುಮಧ್ಯಾಹ್ನದ ಬಿಸಿಲಿನಲ್ಲಿ ನಿಂತಾಗ ನಿಮಗೆ ಎಂದಾದರೂ ಮೈ ಜುಮ್ಮೆಂದಿದೆಯೇ? ಇಲ್ಲವಾದರೆ ಬನ್ನಿ, ಕಾಡಿನ ಅಂಚಿನ ಒಂದು ಕೊಳಕ್ಕೆ ಹೋಗೋಣ. ಅದರ ದಡದ ತುಂಬ ಜೊಂಡು ಬೆಳೆದಿದೆ. ನೀರಿನ ಮೇಲಕ್ಕೆ ಬಾಗಿದ ಒಂದು ಜಾಲಿಮರವಿದೆ. ಆ ಮರದಲ್ಲಿ ಹೊಂಬಣ್ಣನೆಂಬ ಗೀಜಗ ವಾಸವಾಗಿದ್ದ. ಅದೇ ಮರದ ಪೊಟರೆಯಲ್ಲಿ ತುಂಗಕ್ಕನೆಂಬ ಅಳಿಲು ಇದ್ದಳು.

ಗೀಜಗಗಳಲ್ಲಿ ಒಂದು ಪದ್ಧತಿಯಿದೆ. ಗಂಡು ಹಕ್ಕಿ ಗೂಡನ್ನು ಮೊದಲು ಅರ್ಧ ಮಾತ್ರ ನೇಯುತ್ತದೆ. ಆಮೇಲೆ ಕೆಲಸ ನಿಲ್ಲಿಸಿ, ಗೂಡಿನ ಅಡ್ಡಪಟ್ಟಿಯ ಮೇಲೆ ಕೂತು ಹಾಡುತ್ತದೆ. ಹಾಡು ಕೇಳಿ ಹೆಣ್ಣು ಹಕ್ಕಿ ಬಂದು ಗೂಡನ್ನು ಜಗ್ಗಿ ನೋಡುತ್ತದೆ. ಒಪ್ಪಿದರೆ ಮಿಕ್ಕ ಅರ್ಧ, ಒಪ್ಪದಿದ್ದರೆ ಇನ್ನೊಂದು ಗೂಡು. ಹಾಡುವ ಹೊತ್ತೇ ಅವುಗಳಿಗೆ ದಣಿವಾರಿಸಿಕೊಳ್ಳುವ ಹೊತ್ತು.

ಹೊಂಬಣ್ಣ ಹಾಡತೊಡಗಿದರೆ ಕೊಳದ ಕಪ್ಪೆಗಳೂ ಸುಮ್ಮನಾಗುತ್ತಿದ್ದವು. ಕಪ್ಪೆಗಳು ಬಾಯಿ ಮುಚ್ಚುವುದೆಂದರೆ ಸಾಮಾನ್ಯ ಮಾತೇ?

ಆ ವರ್ಷ ಒಂದು ಹೆಣ್ಣು ಗೀಜಗ ಬಂದಳು. ಗೂಡಿನ ಎಳೆಯೊಂದನ್ನು ಎಳೆದಳು. "ಸಡಿಲವಾಗಿದೆ" ಎಂದು ಮೂತಿ ತಿರುಗಿಸಿ ಹಾರಿಹೋದಳು. ಆದದ್ದು ಇಷ್ಟೇ. ಹೊಂಬಣ್ಣನಿಗೆ ಮಾತ್ರ ಅದು ಎದೆಗೇ ನಾಟಿತು.

"ಹಾಡಿಕೊಂಡು ಕೂತದ್ದೇ ತಪ್ಪಾಯಿತು. ಇನ್ನು ಮೇಲೆ ಕೂರುವುದೇ ಇಲ್ಲ" ಎಂದುಕೊಂಡ.

ಅಂದಿನಿಂದ ಅವನು ಅರ್ಧಕ್ಕೆ ನಿಲ್ಲಿಸಲಿಲ್ಲ. ಒಂದು ಗೂಡು ಮುಗಿಯುತ್ತಲೇ ಇನ್ನೊಂದಕ್ಕೆ ಗಂಟು ಹಾಕಿದ. ಕಾಳು ಹೆಕ್ಕಲು ಪುರುಸೊತ್ತಿಲ್ಲ, ಮೀಯಲು ಪುರುಸೊತ್ತಿಲ್ಲ. ಹಾಡಂತೂ ದೂರವೇ ಉಳಿಯಿತು.

ತುಂಗಕ್ಕ ಮಧ್ಯಾಹ್ನವಾದರೆ ಕೊಂಬೆಯ ಮೇಲೆ ಹೊಟ್ಟೆ ಊರಿ, ನಾಲ್ಕು ಕಾಲುಗಳನ್ನೂ ಇಳಿಬಿಟ್ಟು ಮಲಗುವವಳು. "ತಮ್ಮಾ, ಈ ಬಿಸಿಲಿಗೆ ಕಾಗೆಯೂ ನೆರಳು ಹಿಡಿದು ಕೂತಿದೆ. ನೀನೂ ಸ್ವಲ್ಪ ಕೂರಬಾರದೇನೋ?" ಎಂದಳು.

"ನಿನಗೇನಕ್ಕಾ, ಪೊಟರೆ ಪುಕ್ಕಟೆ ಸಿಕ್ಕಿದೆ. ನನ್ನ ಕೆಲಸ ಯಾರು ಮಾಡುತ್ತಾರೆ?" ಎಂದ ಹೊಂಬಣ್ಣ, ಅವಳತ್ತ ತಿರುಗಿಯೂ ನೋಡದೆ.

ಒಂದು ದಿನ ಅವನಿಗೇಕೋ ಹಾಡಬೇಕೆನಿಸಿತು. ಬಾಯಿ ತೆರೆದ. ಹಾಡು ಬರಲಿಲ್ಲ. ಒಣ ಎಳೆಯನ್ನು ಜಗ್ಗಿದಂತೆ "ಕಿರ್" ಎಂಬ ಸದ್ದು ಮಾತ್ರ ಬಂತು. ಇನ್ನೊಮ್ಮೆ ತೆರೆದ. ಮತ್ತೆ "ಕಿರ್". ಹಾಡಿಲ್ಲದ ಗೀಜಗದ ಗೂಡಿಗೆ ಯಾವ ಹೆಣ್ಣು ಬರುತ್ತಾಳೆ?

"ನಾನು ನೇಯುವುದು ಸಾಲದು. ಇನ್ನಷ್ಟು ನೇಯ್ದರೆ ಹಾಡು ತಾನಾಗಿ ಬರುತ್ತದೆ" ಎಂದುಕೊಂಡ. ಅಜೀರ್ಣವಾದವನು ಇನ್ನೊಂದು ಊಟಕ್ಕೆ ಎಲೆ ಹಾಕಿಸಿಕೊಂಡ ಹಾಗಾಯಿತು!

ಜಾಲಿಮರ ಗೂಡುಗಳ ಭಾರಕ್ಕೆ ಜಗ್ಗಿತು. ಎಲ್ಲವೂ ಖಾಲಿ ಗೂಡುಗಳು. ಗಾಳಿಯಿಲ್ಲದ ಮಧ್ಯಾಹ್ನದಲ್ಲೂ ಅವು ಮೆಲ್ಲಗೆ ತೂಗುತ್ತಿದ್ದವು. ಹುಂಡುಕೋಳಿ ತನ್ನ ಮರಿಗಳನ್ನು ಆ ನೆರಳಿಗೆ ತರುವುದನ್ನೇ ಬಿಟ್ಟಿತು. ಹಸಿರು ಹಾವು ಕೂಡ ಮರ ಹತ್ತಲು ಬಂದು, ಒಂದು ಗಳಿಗೆ ತಲೆ ಎತ್ತಿ ನೋಡಿ, ಬಂದ ದಾರಿಯಲ್ಲೇ ಹಿಂದಿರುಗಿತು.

ಹೀಗಿರುವಾಗ ಹೊಂಬಣ್ಣನಿಗೆ ತುದಿಗೊಂಬೆಯಲ್ಲಿ ಒಂದು ಹೊಸ ಗೂಡು ಕಂಡಿತು. ಅದನ್ನು ನೇಯ್ದ ನೆನಪು ಅವನಿಗಿರಲಿಲ್ಲ. ಹತ್ತಿರ ಹೋಗಿ ನೋಡಿದರೆ ಗಂಟು ಅವನದೇ. ಕೊಕ್ಕಿನ ಮೇಲೆ ಹಸಿ ಹುಲ್ಲಿನ ರಸ ಇನ್ನೂ ಆರಿರಲಿಲ್ಲ.

"ತುಂಗಕ್ಕಾ, ಇದನ್ನು ನಾನು ಯಾವಾಗ ನೇಯ್ದೆ?"

ತುಂಗಕ್ಕ ಎದ್ದು ಕೂತಳು. "ಈಗ ತಾನೇ ತಮ್ಮಾ. ಕಣ್ಣು ಮುಚ್ಚಿಕೊಂಡೇ ನೇಯುತ್ತಿದ್ದೆ. ಎಷ್ಟು ಕೂಗಿದರೂ ನೀನು ಓಗೊಡಲಿಲ್ಲ." ಅವಳ ಬಾಲದ ಕೂದಲು ನೆಟ್ಟಗೆ ನಿಂತಿತ್ತು. "ಇವತ್ತಾದರೂ ಮಲಗೋ."

"ಇದೊಂದು ಮುಗಿಸಿ ಮಲಗುತ್ತೇನಕ್ಕಾ."

ಈ "ಇದೊಂದು" ಎಂಬ ಮಾತನ್ನು ನಾವೂ ಹೇಳುತ್ತೇವೆ, ಅಲ್ಲವೇ? ಅದರ ಬಾಲ ಎಷ್ಟು ಉದ್ದವೆಂದು ಹೇಳುವಾಗ ತಿಳಿಯುವುದಿಲ್ಲ.

ಹೋಗಿ ಬರುವ ಹೊತ್ತು ಉಳಿಯಲೆಂದು ಹೊಂಬಣ್ಣ ಒಂದು ಹೊರೆ ಹುಲ್ಲೆಳೆಗಳನ್ನು ಹೊಸ ಗೂಡಿನೊಳಗೆ ಸೇರಿಸಿ, ಒಳಗೇ ನಿಂತು ನೇಯತೊಡಗಿದ. ಎಳೆ ತೂರಿಸು, ಜಗ್ಗು, ಸಿಕ್ಕಿಸು. ಎಳೆ ತೂರಿಸು, ಜಗ್ಗು, ಸಿಕ್ಕಿಸು. ಬೆಳಕು ಕಿರಿದಾಗುತ್ತ ಹೋಯಿತು. ಅವನು ಗಮನಿಸಲಿಲ್ಲ. ಹುಲ್ಲು ಮುಗಿಯಿತು. ಇನ್ನಷ್ಟು ತರೋಣವೆಂದು ಬಾಗಿಲ ಕಡೆ ತಿರುಗಿದ.

ಬಾಗಿಲೇ ಇರಲಿಲ್ಲ.

"ಅಯ್ಯೋ, ಅದನ್ನೂ ನೇಯ್ದುಬಿಟ್ಟೆನೇ! ಇರಲಿ, ಕತ್ತರಿಸಿದರಾಯಿತು" ಎಂದು ಕೊಕ್ಕನ್ನು ಎಳೆಗೆ ಹಾಕಿದ. ಕೊಕ್ಕು ಎಳೆಯನ್ನು ಕತ್ತರಿಸಲಿಲ್ಲ. ಹಿಡಿದು, ತೂರಿಸಿ, ಇನ್ನೂ ಬಿಗಿಯಾಗಿ ಸಿಕ್ಕಿಸಿತು. ಮತ್ತೆ ಹಾಕಿದ. ಮತ್ತೆ ಹಾಗೆಯೇ ಆಯಿತು. ಗೋಡೆ ಇನ್ನಷ್ಟು ಹತ್ತಿರ ಬಂತು. ಆ ಕತ್ತಲಲ್ಲಿ ಕಿವಿಗೊಟ್ಟರೆ, ಸುತ್ತಲಿನ ಖಾಲಿ ಗೂಡುಗಳಿಂದಲೂ "ಕಿರ್, ಕಿರ್" ಎಂಬ ನೇಯುವ ಸದ್ದು ಕೇಳಿಸುತ್ತಿತ್ತು.

"ಅಕ್ಕಾ!" ಎಂದು ಕಿರುಚಿದ.

ತುಂಗಕ್ಕ ಒಂದೇ ನೆಗೆತಕ್ಕೆ ತುದಿಗೊಂಬೆಗೆ ಬಂದಳು. ಹೊರಗಿನಿಂದ ಹಲ್ಲು ಹಾಕಿ ಎಳೆ ಕಡಿದಳು. ಒಳಗಿನಿಂದ ಕೊಕ್ಕು ಅದನ್ನು ಹೊಲಿಯಿತು. ಅವಳು ಕಡಿದಳು, ಅದು ಹೊಲಿಯಿತು.

"ಏನೋ ಇದು, ನಾನು ಬಿಚ್ಚಿದರೆ ನೀನು ಮುಚ್ಚುತ್ತೀಯಲ್ಲ!"

"ನಾನಲ್ಲ ಅಕ್ಕಾ, ಕೊಕ್ಕು! ಅದು ನನ್ನ ಮಾತು ಕೇಳುತ್ತಿಲ್ಲ. ಉಸಿರು ಕಟ್ಟುತ್ತಿದೆ!"

ತುಂಗಕ್ಕ ಗೂಡಿಗೆ ಬಾಯಿ ಹಚ್ಚಿ ಹೇಳಿದಳು: "ಹಾಗಾದರೆ ಆ ಕೊಕ್ಕನ್ನು ರೆಕ್ಕೆಯೊಳಗೆ ತೂರಿಸಿ ಕಣ್ಣು ಮುಚ್ಚು. ಮಿಕ್ಕದ್ದು ನನಗೆ ಬಿಡು."

ಒಳಗಿನಿಂದ ಸಣ್ಣ ದನಿ ಬಂತು. "ನಾನು ನಿಲ್ಲಿಸಿಬಿಟ್ಟರೆ ಏನಾಗುತ್ತದೆ ಅಕ್ಕಾ?"

"ಏನೂ ಆಗುವುದಿಲ್ಲ ತಮ್ಮಾ. ನಿಲ್ಲಿಸಿ ನೋಡು."

ಹೊಂಬಣ್ಣ ಕುತ್ತಿಗೆ ತಿರುಗಿಸಿದ. ಕೊಕ್ಕು ಎಳೆಗಳ ಕಡೆಗೇ ಜಗ್ಗಿತು. ಅವನು ಇದ್ದಬದ್ದ ಬಲ ಹಾಕಿ ಅದನ್ನು ರೆಕ್ಕೆಯೊಳಗೆ ಹುದುಗಿಸಿದ. ಅಲ್ಲಿ ಬೆಚ್ಚಗಿತ್ತು. "ಕಿರ್" ಸದ್ದು ನಿಂತಿತು. ಸುತ್ತಲಿನ ಗೂಡುಗಳಲ್ಲೂ ಒಂದೊಂದಾಗಿ ನಿಂತಿತು. ಎಷ್ಟೋ ದಿನಗಳ ಮೇಲೆ ಅವನಿಗೆ ಕೊಳದ ನೀರು ದಡಕ್ಕೆ ತಾಗುವುದು ಕೇಳಿಸಿತು. ಕೇಳುತ್ತಲೇ ನಿದ್ದೆ ಹೋದ.

ತುಂಗಕ್ಕ ಕಡಿದು ಕಡಿದು ಕಿಂಡಿ ಮಾಡಿ ಅವನನ್ನು ಹೊರಗೆಳೆದಳು. ಆಗಲೂ ಅವನಿಗೆ ಎಚ್ಚರವಾಗಲಿಲ್ಲ.

ಆಮೇಲೆ ಬಹಳ ದಿನ ಹೊಂಬಣ್ಣ ಏನೂ ಮಾಡಲಿಲ್ಲ. ಕಾಳು ತಿಂದ, ಮಣ್ಣಿನಲ್ಲಿ ಹೊರಳಾಡಿದ, ತುಂಗಕ್ಕನ ಪಕ್ಕ ಕೂತು ಕೊಳ ನೋಡಿದ. ಮೊದಮೊದಲು ಹುಲ್ಲು ಕಂಡರೆ ಕೊಕ್ಕು ತಾನಾಗಿ ಅದುರುತ್ತಿತ್ತು. ಆಮೇಲೆ ಅದೂ ನಿಂತಿತು. ಆಗ ಅವನಿಗೆ ಬೇರೆಯೇ ಹೆದರಿಕೆ ಹತ್ತಿತು.

"ನೇಯುವ ಆಸೆಯೇ ಇಲ್ಲವಲ್ಲ ಅಕ್ಕಾ. ಹಾಡು ಇನ್ನೆಂದೂ ಬರದಿದ್ದರೆ?"

"ಬರದಿದ್ದರೆ ಬೇಡ. ಈ ಹಣ್ಣು ತಿನ್ನು" ಎಂದಳು ತುಂಗಕ್ಕ.

ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಒಂದು ಜೊಂಡಿನ ಎಲೆಯ ಮೇಲೆ ಕೊಡತಿಹುಳು ಕೂತು, ಎಲೆ ಬಿಲ್ಲಿನಂತೆ ಬಾಗಿತು. "ಅರೆ, ಗೂಡಿನ ಬೆನ್ನನ್ನು ಹೀಗೆ ಬಾಗಿಸಿದರೆ ಹೇಗಿರುತ್ತದೆ?" ಎಂದು ಹೊಂಬಣ್ಣನಿಗೆ ಹೊಳೆಯಿತು. ಯಾರಿಗೂ ತೋರಿಸಲಿಕ್ಕಲ್ಲ, ಸುಮ್ಮನೆ ನೋಡಲಿಕ್ಕೆ. ಒಂದು ಎಳೆ ಸೀಳಿ ಕೊಂಬೆಗೆ ಸುತ್ತಿದ. ಸುತ್ತುತ್ತಿದ್ದಂತೆ ಗಂಟಲಲ್ಲಿ ಏನೋ ಸಡಿಲವಾಯಿತು. ಹಾಡು ಬಂದುಬಿಟ್ಟಿತು! ಅವನಿಗೆ ಅಳು ಬರುವಷ್ಟು ಸಂತೋಷವಾಯಿತು.

ಗೂಡು ಅರ್ಧವಾಯಿತು. ಅವನು ಅಡ್ಡಪಟ್ಟಿಯ ಮೇಲೆ ಕೂತು ಹಾಡಿದ. ಒಬ್ಬಳು ಹೆಣ್ಣು ಗೀಜಗ ಬಂದು, ಸುತ್ತ ಹಾರಿ, ಪರೀಕ್ಷೆ ಮಾಡಿ ಕೇಳಿದಳು: "ಚೆನ್ನಾಗಿದೆ. ಮಿಕ್ಕದ್ದನ್ನು ಈಗಲೇ ಮುಗಿಸುತ್ತೀಯಾ?"

ಹೊಂಬಣ್ಣ ನೆತ್ತಿಯ ಮೇಲಿನ ಸೂರ್ಯನನ್ನು ನೋಡಿದ.

"ನಾಳೆ ಮುಗಿಸುತ್ತೇನೆ. ಈಗ ನನಗೆ ನಿದ್ದೆ ಬರುತ್ತಿದೆ" ಎಂದ.

ಅವಳು ಹಾರಿಹೋಗಲಿಲ್ಲ. "ಸ್ವಲ್ಪ ಆಚೆ ಸರಿ" ಎಂದು ಪಕ್ಕದಲ್ಲೇ ಕೂತಳು.

ನೀತಿ: ಕೆಲಸವನ್ನು ನಿಲ್ಲಿಸಲು ಬಲ್ಲವನಿಗೇ ಅದನ್ನು ಮತ್ತೆ ಹಿಡಿಯುವ ಆಸೆ ಹುಟ್ಟುತ್ತದೆ, ನಿಲ್ಲಿಸಲಾರದವನನ್ನು ಅವನ ಕೆಲಸವೇ ನುಂಗುತ್ತದೆ.