ಬೆತ್ತಲೆ ಕೌದಿ

ಹಳಿಯಾಳದ ಸಿದ್ದಿ ಹೆಂಗಸರು ಹಳೇ ಸೀರೆಯ ತುಂಡುಗಳಿಂದ ಹೊಲಿದ ಕೌದಿ, ಕೋಟಾಗಿ ಮುಂಬೈಯ ಫ್ಯಾಶನ್ ಶೋಗೆ ಬಂದಿತ್ತು.

"ವೇದಿಕೆ ಮೇಲೆ ನನ್ನ ಹೆಸರೊಂದೇ," ಎಂದ ಕೌದಿಯನ್ನು ಕೋಟಾಗಿಸಿದ್ದ ಡಿಸೈನರ್ ಸಾಹೇಬ. "ನಿಮ್ಮವೆಲ್ಲ ಬೇಡ."

"ಆಗ್ಲಿ ಸಾಹೇಬ್ರ," ಎಂದಳು ಹೊಲಿದವರ ಪರವಾಗಿ ಬಂದಿದ್ದ ಖೈರುನ್‌ಬಿ. "ಆದ್ರ ಮೂಲೆಗೆ ಬಟ್ಟೆ ಹೂವೊಂದು ಬಾಕಿ ಐತಿ. ಸೀರೆ ಕೊಟ್ಟೋರನ್ನ ಹೆಸರು ಹಿಡಿದು ಹರಸ್ತಾ, ನಾಕು ಮಂದಿ ಎದುರೇ ಹಾಕ್ಬೇಕ್ರಿ. ಇಲ್ಲಾಂದ್ರ ಅದನ್ನ ಬೆತ್ತಲೆ ಕೌದಿ ಅಂತೀವಿ. ಪೇಪರಿನೋರು ಕೇಳಿದ್ರ ನಾ ಸುಳ್ಳು ಹೇಳೋಳಲ್ಲ."

ಬೆತ್ತಲೆ ಕೋಟಿನ ಸುದ್ದಿಗೆ ಹೆದರಿ ಸಾಹೇಬ ಅವಳನ್ನೇ ವೇದಿಕೆಗೆ ಕರೆದ.

ಹೂವು ಹೊಲಿಯುತ್ತ ಅವಳು ಮೈಕಿನಲ್ಲಿ ಹೇಳಿದಳು: "ಕತೀಜಾ, ಸಾಂತಾನಿ, ಗಣಪಿ, ನಿಮ್ಮ ಸೀರೆಯಿಂದ ಇದಾತು. ನಿಮ್ಮ ಹೊಟ್ಟೆ ತಣ್ಣಗಿರಲಿ." ಸಭೆಯೇ ಎದ್ದು ಚಪ್ಪಾಳೆ ತಟ್ಟಿತು.

ಆಮೇಲೆ ಸಾಹೇಬನತ್ತ ತಿರುಗಿದಳು. "ಕೋಟಿನ ಗುಂಡಿ ನಿಮ್ಮವಲ್ಲೇನ್ರೀ? ಹೆಸರು ಹೇಳ್ರಿ, ನಿಮ್ಮನ್ನೂ ಹರಸ್ತೀನಿ."